ಮಲ್ಟಿಪಲ್ ಸ್ಕ್ಲೆರೋಸಿಸ್: ಲಿಂಗ ಮತ್ತು ಭೂಗೋಳ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳ ರೋಗ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮಯಲಿನ್ ಹೊದಿಕೆಯನ್ನು ಹಾಳುಗೆಡವುತ್ತದೆ. ಹೆಚ್ಚಿನವರಲ್ಲಿ 20ರಿಂದ 40ರ ವಯಸ್ಸಿನೊಳಗೆ ಶುರುವಾಗುತ್ತದೆ. ಒಂದು ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ. ಸಾಮಾನ್ಯ ಬಗೆಯಲ್ಲಿ ಈ ತೊಂದರೆ ಕೆಲವು ವಾರಗಳಲ್ಲಿ ತಗ್ಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮರುಕಳಿಸುತ್ತದೆ. 2020ರ ಅಂದಾಜಿನಂತೆ ಜಗತ್ತಿನಲ್ಲಿ 28 ಲಕ್ಷ ಜನರಿಗೆ ಈ ರೋಗವಿತ್ತು. ಅಂದರೆ 1 ಲಕ್ಷಕ್ಕೆ ಸುಮಾರು 36 ಮಂದಿ.

ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಪ್ರೌಢಾವಸ್ಥೆಗೆ ಮುಂಚೆ ಈ ಅಂತರ ಅಷ್ಟಾಗಿ ಇಲ್ಲ. ಋತುಮತಿಯಾದ ನಂತರ ಬೆಳೆಯುತ್ತದೆ. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಮರುಕಳಿಕೆ ಕಡಿಮೆಯಾಗಿ ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಏರುತ್ತದೆ. ಹಾರ್ಮೋನುಗಳ ಪಾತ್ರವನ್ನು ಶಂಕಿಸಲು ಇವೇ ಮುಖ್ಯ ಆಧಾರ. ಆರಂಭದಿಂದಲೇ ನಿಧಾನವಾಗಿ ಬಿಗಡಾಯಿಸುತ್ತ ಹೋಗುವ ಬಗೆಯಲ್ಲಿ ಮಾತ್ರ ಗಂಡು ಹೆಣ್ಣು ಸರಿಸುಮಾರು ಸಮ. ಕೆನಡಾದಲ್ಲಿ 20ನೆಯ ಶತಮಾನದಲ್ಲಿ ಹೆಂಗಸರ ಪಾಲು ಏರಿ, ಒಬ್ಬ ಗಂಡಸಿಗೆ ಮೂವರಿಗಿಂತ ಹೆಚ್ಚು ಹೆಂಗಸರೆಂಬ ಮಟ್ಟ ಮುಟ್ಟಿತು. ಇಷ್ಟು ಬೇಗ ವಂಶವಾಹಿಗಳು ಬದಲಾಗವು. ಬದಲಾದದ್ದು ಪರಿಸರವೋ ಬದುಕಿನ ರೀತಿಯೋ ಇರಬೇಕು.

ಸಮಭಾಜಕ ವೃತ್ತದಿಂದ ದೂರ ಹೋದಂತೆ ರೋಗ ಹೆಚ್ಚುವುದು ಹಳೆಯ ಗಮನಿಕೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗಿಂತ ದಕ್ಷಿಣದ ಟ್ಯಾಸ್ಮೇನಿಯಾದಲ್ಲಿ ರೋಗದ ಪ್ರಮಾಣ ಬಹಳ ಹೆಚ್ಚು. ಕಡಿಮೆ ಬಿಸಿಲು, ಅದರಿಂದ ವಿಟಮಿನ್ ಡಿ ಕೊರತೆ ಎಂಬುದು ಪ್ರಚಲಿತ ವಿವರಣೆ. ಆದರೆ ಬಿಸಿಲು ಧಾರಾಳವಾಗಿರುವ ಭಾರತದಲ್ಲೂ ವಿಟಮಿನ್ ಡಿ ಕೊರತೆ ವ್ಯಾಪಕ, ಎಂ.ಎಸ್. ಮಾತ್ರ ವಿರಳ. ಮೆಡಿಟರೇನಿಯನ್ ಬಿಸಿಲಿನ ಸಾರ್ಡಿನಿಯಾದಲ್ಲಿ ರೋಗ ಹೆಚ್ಚು, ಯುರೋಪಿನ ಉತ್ತರ ತುದಿಯ ಸಾಮಿ ಜನರಲ್ಲಿ ಕಡಿಮೆ. ಮುಂಬೈಯ ಪಾರ್ಸಿಗಳಲ್ಲಿ ರೋಗದ ಪ್ರಮಾಣ ಉಳಿದ ಭಾರತೀಯರಿಗಿಂತ ಬಹಳ ಹೆಚ್ಚೆಂದು ನರರೋಗ ತಜ್ಞ ಎನ್. ಎಚ್. ವಾಡಿಯಾ ತೋರಿಸಿದ್ದರು. ಬಿಸಿಲೊಂದರಿಂದಲೇ ಇದನ್ನು ಬಿಡಿಸಲಾಗದು. ವಂಶದಷ್ಟೇ ಬಾಲ್ಯದ ಊರೂ ಮುಖ್ಯ: ಭಾರತದಿಂದ ಬ್ರಿಟನ್ನಿಗೆ ವಲಸೆ ಹೋದವರಲ್ಲಿ ರೋಗ ಕಡಿಮೆಯಿದ್ದು, ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಸ್ಥಳೀಯರ ಮಟ್ಟಕ್ಕೆ ಹತ್ತಿರ ಬಂದಿತು. ಸೋಂಕೂ ಒಂದು ಕಾರಣವೆಂಬ ಸುಳಿವುಂಟು: ಎಪ್‌ಸ್ಟೀನ್-ಬಾರ್ ವೈರಸ್ ಸೋಂಕು ರೋಗಕ್ಕೆ ಮುಂಚೆ ಬರುತ್ತದೆಂದು 2022ರಲ್ಲಿ ಅಮೆರಿಕದ ಸೈನಿಕರ ಅಧ್ಯಯನ ಬಲವಾಗಿ ತೋರಿಸಿತು.

ಕರ್ನಾಟಕದ ಮಟ್ಟಿಗೆ ನೆಚ್ಚಬಹುದಾದ ಲೆಕ್ಕ ಮಂಗಳೂರಿನದು. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿಗಳ ಅಧ್ಯಯನ ಅಲ್ಲಿ 1 ಲಕ್ಷಕ್ಕೆ ಸುಮಾರು 8 ರೋಗಿಗಳನ್ನು ಅಂದಾಜಿಸಿತು. ಎಂ.ಆರ್.ಐ. ಸ್ಕ್ಯಾನ್ ಬರುವ ಮುಂಚೆ ಭಾರತದ ಅಂದಾಜು 1 ಲಕ್ಷಕ್ಕೆ ಒಂದೆರಡನ್ನು ದಾಟಿರಲಿಲ್ಲ. ಈ ಏರಿಕೆಯಲ್ಲಿ ಸ್ಕ್ಯಾನ್ ಯಂತ್ರಗಳ ಪಾಲು ದೊಡ್ಡದು. ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ, ಹೆಂಗಸರಲ್ಲಿ ಇನ್ನೂ ಹೆಚ್ಚು ಕಾಣುವ ರೋಗವನ್ನು ಹಿಂದೆ ಎಂ.ಎಸ್. ಎಂದೇ ಎಣಿಸಿದ್ದೂ ಉಂಟು. ಅದನ್ನು ಗುರುತಿಸುವ ಪ್ರತಿಕಾಯ ಪತ್ತೆಯಾದದ್ದು 2004ರಲ್ಲಿ.

ಮಂಗಳೂರಿನ ದರವನ್ನೇ ಹಿಡಿದರೆ, 2011ರ ಜನಗಣತಿಯಲ್ಲಿ 9.4 ಲಕ್ಷ ಜನರಿದ್ದ ಹುಬ್ಬಳ್ಳಿ-ಧಾರವಾಡದಲ್ಲಿ ಸುಮಾರು 75 ರೋಗಿಗಳಿರಬೇಕು. ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯಂಥ ಗ್ರಾಮದಲ್ಲಿ ಒಬ್ಬರೂ ಇಲ್ಲದಿರಬಹುದು. ಇದ್ದರೂ ಎಂ.ಆರ್.ಐ.ಗೆ ಪೇಟೆಗೇ ಹೋಗಬೇಕಾದ್ದರಿಂದ, ಬಂದು ಹೋಗುವ ಜೋಮು ನಿಶ್ಶಕ್ತಿಯೆಂದೇ ಮರೆತುಹೋಗುವ ಸಂಭವ ಹೆಚ್ಚು. ಹಳ್ಳಿಗಾಡಿನ ಕಡಿಮೆ ಸಂಖ್ಯೆಯನ್ನು ಈ ಎಚ್ಚರದಿಂದಲೇ ಓದಬೇಕು.