ಕೂದಲ ಹಗ್ಗ, ಒರಳುಕಲ್ಲು ಮತ್ತು ವಿಶ್ವ ಕಲಾ ಪ್ರದರ್ಶನಗಳ ನಂಟು

ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕೂದಲಿನ ಕರಿ ಹಗ್ಗ ಕಟ್ಟುವುದನ್ನು ಬೆಂಗಳೂರು-ಸೇಲಂ ಹೆದ್ದಾರಿಯ ಜನ ಕಂಡೇ ಇರುತ್ತಾರೆ. ಅದೇ ಹಗ್ಗ 2009ರಲ್ಲಿ ಇಟಲಿಯ ವೆನಿಸ್ ಬಿನಾಲೆಯಲ್ಲಿ ಕಲಾಕೃತಿಯಾಯಿತು. ಭದ್ರಾವತಿಯಲ್ಲಿ ಹುಟ್ಟಿದ ಬೆಂಗಳೂರಿನ ಕಲಾವಿದೆ ಶೀಲಾ ಗೌಡ 'ಬಿಹೋಲ್ಡ್' ಎಂಬ ಕೃತಿಗೆ ಕಾರಿನ ಬಂಪರ್‌ಗಳ ಜೊತೆ ಸುಮಾರು 4,000 ಮೀಟರ್ ಕೂದಲ ಹಗ್ಗ ಬಳಸಿದ್ದರು. ನಂತರ ಈ ಕೃತಿ ಲಂಡನ್ನಿನ ಟೇಟ್ ಸಂಗ್ರಹ ಸೇರಿತು.

ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ. ವೆನಿಸ್‌ನದು 1895ರಲ್ಲಿ ಶುರುವಾಯಿತು. ಜರ್ಮನಿಯ ಕಾಸೆಲ್ ನಗರದ 'ಡಾಕ್ಯುಮೆಂಟಾ' ಐದು ವರ್ಷಕ್ಕೊಮ್ಮೆ ನಡೆಯುತ್ತದೆ. 2007ರಲ್ಲಿ ಶೀಲಾ ಗೌಡ ಅಲ್ಲಿಯೂ ಭಾಗವಹಿಸಿದ್ದರು.

ಇಂಥ ಕಡೆ ಸಾಮಾನ್ಯವಾಗಿ ಅರ್ಜಿ ಹಾಕಿ ಹೋಗುವ ಪದ್ಧತಿ ಇಲ್ಲ. ಪ್ರದರ್ಶನ ರೂಪಿಸುವ ಕ್ಯುರೇಟರ್ ಕರೆಯಬೇಕು. ಕ್ಯುರೇಟರ್ ಕಿವಿಗೆ ಹೆಸರು ಬೀಳುವುದು ಬಹುಮಟ್ಟಿಗೆ ಕಲಾವಿದರ ಪರಸ್ಪರ ಪರಿಚಯದಿಂದ. ನಮ್ಮಲ್ಲಿ ಹೆಣ್ಣು-ಗಂಡು ನೋಡುವಾಗ ನೆಂಟರ ಮಾತು ನಡೆಯುವ ಹಾಗೆಯೇ ಎನ್ನಬಹುದು!

ಈ ಪರಿಚಯಕ್ಕೆ ದೊಡ್ಡ ಜಾಲಗಳೇ ಇವೆ. ಶಿಲ್ಪಿ ಆಂಥೊನಿ ಕಾರೊ ಮತ್ತು ರಾಬರ್ಟ್ ಲೋಡರ್ 1982ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನಡೆಸಿದ ಶಿಬಿರದಿಂದ 'ಟ್ರಯಾಂಗಲ್' ಜಾಲ ಬೆಳೆಯಿತು. ಬೇರೆ ಬೇರೆ ದೇಶದ ಕಲಾವಿದರು ಕೆಲ ದಿನ ಒಂದೆಡೆ ಕೂತು ಕೆಲಸ ಮಾಡುವುದು ಇದರ ಕ್ರಮ. ದೆಹಲಿಯ 'ಖೋಜ್' (1997), ಢಾಕಾದ 'ಬ್ರಿಟ್ಟೊ' (2002) ಇದೇ ಬಳ್ಳಿಯವು. 2022ರ ಡಾಕ್ಯುಮೆಂಟಾಕ್ಕೆ ಬ್ರಿಟ್ಟೊ ಗುಂಪಾಗಿಯೇ ಹೋಯಿತು. ಬೆಂಗಳೂರಿನಲ್ಲಿ 2001ರಲ್ಲಿ 'ಬಾರ್ ಒನ್', 2003ರಲ್ಲಿ ಸುರೇಶ್ ಜಯರಾಮ್ ಅವರ '1 ಶಾಂತಿರೋಡ್' ಆರಂಭವಾದವು. ವಿದೇಶಿ ಕಲಾವಿದರು ಬಂದು ತಂಗಿ, ಊಟ-ಮಾತು-ಕೆಲಸದಲ್ಲಿ ಇಲ್ಲಿನವರ ಜೊತೆ ಬೆರೆತದ್ದು ಇಂಥ ಜಾಗಗಳಲ್ಲಿ.

ಗಡಿನಾಡಿಗೆ ಹತ್ತಿರದ್ದು ಕೊಚ್ಚಿ. ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು 2012ರ ಡಿಸೆಂಬರ್ 12ರಂದು ಕೊಚ್ಚಿ-ಮುಜಿರಿಸ್ ಬಿನಾಲೆ ಶುರುಮಾಡಿದರು. ಆ ಮೊದಲ ಸಲವೇ ಶೀಲಾ ಗೌಡ ಮತ್ತು ಅವರ ಪತಿ, ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್, ಬೆಂಗಳೂರಿನ ಮನೆಗಳವರು ಬೀದಿಗೆ ಹಾಕಿದ ನೂರಕ್ಕೂ ಹೆಚ್ಚು ಒರಳುಕಲ್ಲುಗಳನ್ನು ಅಲ್ಲಿಗೆ ಸಾಗಿಸಿ ಇಟ್ಟರು. ಮಿಕ್ಸಿ ಬಂದ ಮೇಲೆ ಬೇಡವಾದರೂ ಒಡೆಯಲು ಮನಸ್ಸು ಬಾರದ ಕಲ್ಲುಗಳು ಅವು. ತಮಿಳಿನಲ್ಲಿ ಆಟ್ಟುಕಲ್ ಎಂದರೂ ಅದೇ ಪಾಡು. 2016ರ ಕೊಚ್ಚಿ ಬಿನಾಲೆಗೆ ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ ಕ್ಯುರೇಟರ್ ಆಗಿದ್ದರು.

ಜಾಲದೊಳಗೆ ಗುರುತಿಲ್ಲದವರ ಗತಿಯೇನು ಎಂಬ ಪ್ರಶ್ನೆ ಇದ್ದೇ ಇದೆ. ಹಳ್ಳಿಯಲ್ಲಿ ಕೂತು ಚೆನ್ನಾಗಿ ಚಿತ್ರ ಬರೆದರಷ್ಟೇ ಕ್ಯುರೇಟರ್ ಹುಡುಕಿ ಬರುವುದಿಲ್ಲ. ಕೊಚ್ಚಿಯಲ್ಲಿ 2014ರಿಂದ ಸ್ಟೂಡೆಂಟ್ಸ್ ಬಿನಾಲೆ ನಡೆಸಿ, ಕಲಾ ಕಾಲೇಜುಗಳ ವಿದ್ಯಾರ್ಥಿಗಳ ಕೃತಿಗಳಿಗೆ ಜಾಗ ಕೊಟ್ಟದ್ದು ಈ ಬೇಲಿಯಲ್ಲಿ ಒಂದು ಕಿಂಡಿ. ಅದಕ್ಕೆ ಮೊದಲು ಕಾಲೇಜು ಸೇರಬೇಕಲ್ಲ! ತಮಿಳುನಾಡಿನ ಸರ್ಕಾರಿ ಲಲಿತಕಲಾ ಕಾಲೇಜುಗಳು ಚೆನ್ನೈ ಮತ್ತು ಕುಂಭಕೋಣಂನಲ್ಲಿವೆ. ಗಡಿಯಾಚೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಇವೆ. ಬಿನಾಲೆ ನೋಡಿಬರಲು ಮಾತ್ರ ಕಷ್ಟವಿಲ್ಲ: ಸೇಲಂನಿಂದ ಎರ್ನಾಕುಳಂಗೆ ನೇರ ರೈಲುಗಳಿವೆ.