ಬಲಿಯೋ ಪಂಕ್ತಿಯೋ: ಚಿಕ್ಕಲ್ಲೂರು ಜಾತ್ರೆಯ ಒಂದು ಆಚರಣೆ

ಮಂಡ್ಯ ತಾಲ್ಲೂಕಿನ ಹೊಳಲಿನಿಂದ ಮದ್ದೂರು, ಮಳವಳ್ಳಿಗಳವರೆಗಿನ ಸೀಮೆಯಲ್ಲಿ ಮಂಟೇಸ್ವಾಮಿಯ ಪರಂಪರೆಯು ಆಳವಾಗಿ ಬೇರೂರಿದೆ. ಮಂಟೇಸ್ವಾಮಿಯ ಗದ್ದುಗೆಯಿರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಆತನ ಶಿಷ್ಯನಾದ ಸಿದ್ದಪ್ಪಾಜಿಯು, ನೀಲಗಾರರು ಹಾಡುವ ಕಾವ್ಯದ ಪ್ರಕಾರ, ಮದ್ದೂರಿನ ಬಳಿಯ ನಿಡಘಟ್ಟದ ಕಮ್ಮಾರರ ಮನೆಯ ಮಗ. ಗುರುವಿನ ಅಪ್ಪಣೆಯಂತೆ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷಕ್ಕೆ ಹೋದವನು. ಊರುಗಳು ನಿಜವಾದ ಮಾತ್ರಕ್ಕೆ ಕಥೆಯು ಚರಿತ್ರೆಯಾಗಲಾರದು. ಆದರೆ ಆ ಕಥೆಯನ್ನು ನಂಬಿದ ಒಕ್ಕಲುಗಳ ಆಚರಣೆಯು ಚರಿತ್ರಕಾರನಿಗೆ ಆಧಾರವೇ ಸರಿ.

ಸಿದ್ದಪ್ಪಾಜಿಯ ಗದ್ದುಗೆಯಿರುವ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಿಂದ ಐದು ದಿನ ಜಾತ್ರೆ ನಡೆಯುತ್ತದೆ. ಮೊದಲ ರಾತ್ರಿ ಬಿದಿರು, ಬಟ್ಟೆಗಳಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿಯಿಡುವರು. ಜ್ವಾಲೆಯು ವಾಲಿದ ದಿಕ್ಕಿಗೆ ಆ ವರ್ಷ ಮಳೆಬೆಳೆ ಚೆನ್ನಾಗಿ ಆಗುವುದೆಂದು ನಂಬಿಕೆ. ನಾಲ್ಕನೆಯ ದಿನದ್ದು ಪಂಕ್ತಿಸೇವೆ. ಭಕ್ತರು ತಮ್ಮ ತಮ್ಮ ಬಿಡಾರಗಳಲ್ಲಿ ಮಾಂಸದ ಅಡಿಗೆ ಮಾಡಿ, ಎಡೆಯಿಟ್ಟು, ನೆಂಟರಿಷ್ಟರೊಡನೆ ಸಾಲಾಗಿ ಕುಳಿತು ಉಣ್ಣುವರು.

ವಿವಾದವೆದ್ದಿರುವುದು ಈ ಊಟದ ವಿಷಯದಲ್ಲಿ. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯನ್ನು ಮುಂದಿಟ್ಟು ಈಚಿನ ವರ್ಷಗಳಲ್ಲಿ ಜಾತ್ರೆಗೆ ಆಡುಕುರಿಗಳನ್ನು ಒಯ್ಯದಂತೆ ತಡೆಯೊಡ್ಡಲಾಗಿದೆ. ಗದ್ದುಗೆಯ ಮುಂದೆ ತಾವು ಬಲಿ ಕೊಡುವುದಿಲ್ಲ, ಇದು ಸಹಪಂಕ್ತಿ ಭೋಜನವೆಂಬುದು ಒಕ್ಕಲಿನವರ ವಾದ.

ಇಲ್ಲಿ ಐರ್ಲೆಂಡಿನ ಒಂದು ಪದ್ಧತಿಯನ್ನು ಹೋಲಿಸಿ ನೋಡಬಹುದು. ಸಂತ ಮಾರ್ಟಿನನ ಹಬ್ಬವು ನವೆಂಬರ್ 11ರಂದು. ಅದರ ಮುನ್ನಾದಿನ ಅಲ್ಲಿಯ ಅನೇಕ ಹಳ್ಳಿಮನೆಗಳಲ್ಲಿ ಕೋಳಿಯನ್ನು ಕೊಯ್ದು, ರಕ್ತವನ್ನು ಹೊಸ್ತಿಲಿಗೂ ಮನೆಯ ಮೂಲೆಗಳಿಗೂ ಚಿಮುಕಿಸಿ, ಮಾಂಸವನ್ನು ಮನೆಮಂದಿ ಉಣ್ಣುತ್ತಿದ್ದರು. ಎರಡರಲ್ಲಿಯೂ ಸಂತನ ಹೆಸರು, ಮಾಂಸದೂಟ ಉಂಟು. ಆದರೆ ಮನೆಯನ್ನು ಕಾಯುವುದೆಂದು ಅಲ್ಲಿ ನಂಬಿದ್ದು ರಕ್ತವನ್ನು. ಚಿಕ್ಕಲ್ಲೂರಿನಲ್ಲಿ ಸೇವೆಗೆ ಹೆಸರು ಬಂದಿರುವುದು ಪಂಕ್ತಿಯಿಂದ, ಕೊಯ್ಲಿನಿಂದಲ್ಲ. ಈ ಭೇದವನ್ನು ಗಮನಿಸದೆ ಎರಡನ್ನೂ ‘ಬಲಿ’ ಎಂದು ಕರೆಯುವುದು ಶಾಸ್ತ್ರೀಯವಾಗದೆಂದು ನಮ್ಮ ಅಭಿಪ್ರಾಯ.

ಐರ್ಲೆಂಡಿನವರಿಗೆ ಒಂದು ಅನುಕೂಲವಿತ್ತು. 1935ರಲ್ಲಿ ಸ್ಥಾಪಿತವಾದ ಅಲ್ಲಿಯ ಜಾನಪದ ಆಯೋಗವು 1937ರಿಂದ 1939ರವರೆಗೆ ಶಾಲೆಯ ಮಕ್ಕಳಿಂದಲೇ ಮನೆಯ ಹಿರಿಯರ ಮಾತುಗಳನ್ನು ಬರೆಯಿಸಿ ಸಂಗ್ರಹಿಸಿತು. ನಮ್ಮಲ್ಲಿ ಕಾವ್ಯವನ್ನು ಸಂಗ್ರಹಿಸಿದ ವಿದ್ವಾಂಸರುಂಟು. ಊಟವನ್ನು ಕುರಿತು ಕೇಳಿದವರು ವಿರಳ. ಎಡೆಗೆ ಮೊದಲು ಏನನ್ನು ಬಡಿಸುವರು, ಯಾರ ಪಕ್ಕದಲ್ಲಿ ಯಾರು ಕೂರುವರು, ಬೇರೆ ಜಾತಿಯವರನ್ನು ಪಂಕ್ತಿಗೆ ಕರೆಯುವರೇ? ಮಂಡ್ಯ, ಮಳವಳ್ಳಿಗಳ ನಮ್ಮ ವಿದ್ಯಾರ್ಥಿಗಳು ಮುಂದಿನ ಬನದ ಹುಣ್ಣಿಮೆಗೆ ಮುನ್ನ ಮನೆಯ ಅಜ್ಜಿಯರನ್ನೇ ಇವನ್ನು ಕೇಳಿ ಬರೆದುಕೊಳ್ಳಬಹುದು.