ಧರ್ಮಭಗಿನಿಯರ ಸೇವಾಜೀವನ (ಕರ್ನಾಟಕ)

ಕಥೋಲಿಕ ಧರ್ಮಸಭೆಯಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಟ್ಟು, ಒಂದು ಸಂಸ್ಥೆಗೆ ಸೇರಿ ಬಾಳುವ ಸ್ತ್ರೀಯನ್ನು ಧರ್ಮಭಗಿನಿ ಎನ್ನುತ್ತಾರೆ. ಜನರ ಬಾಯಲ್ಲಿ ಆಕೆ ‘ಸಿಸ್ಟರ್’. ಮಠದ ಹಿರಿಯಳಾದರೆ ‘ಮದರ್’. ಕನಿಷ್ಠ 12 ತಿಂಗಳ ನೊವಿಶಿಯೇಟ್ (ತರಬೇತಿಯ ಅವಧಿ), ಅದಾದ ಮೇಲೆ ಕನಿಷ್ಠ 3 ವರ್ಷ ತಾತ್ಕಾಲಿಕ ವ್ರತ, ಇವೆರಡೂ ದಾಟಿದ ಮೇಲೆಯೇ ಆಜೀವ ವ್ರತ. ದುಡಿದ ಸಂಬಳ ಸಂಸ್ಥೆಗೆ ಸೇರುತ್ತದೆ. ವರ್ಗಾವಣೆಯ ಪತ್ರ ಬಂದರೆ ಊರು ಬಿಟ್ಟು ಹೊರಡಬೇಕು. ಹೊರನಾಡಿನಿಂದ ಬಂದ ಈ ಬಾಳುವೆಯನ್ನು ಇಲ್ಲಿನ ಹೆಣ್ಣುಮಕ್ಕಳು ತಮ್ಮದಾಗಿಸಿಕೊಂಡದ್ದೇ ಕರ್ನಾಟಕದಲ್ಲಿ ಇದರ ಇತಿಹಾಸದ ತಿರುಳು.

ಈಗಿನ ಕೊಪ್ಪಳ ಜಿಲ್ಲೆಯ ಕುಷ್ಟಗಿಗೆ ನೆರೆಯ ಮುದ್ಗಲ್‌ನಲ್ಲಿ 16ನೇ ಶತಮಾನದಷ್ಟು ಹಿಂದೆಯೇ, ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ, ಗೋವೆಯಿಂದ ಬಂದ ಜೆಸ್ವಿಟ್ ಪಾದ್ರಿಗಳು ಕ್ರೈಸ್ತ ನೆಲೆಯೊಂದನ್ನು ಕಟ್ಟಿದ್ದರು. ಆದರೆ ಸೇವೆಗೆಂದು ಊರೂರು ತಿರುಗುವ ಭಗಿನಿಯರು ಆಗ ಎಲ್ಲಿಯೂ ಇರಲಿಲ್ಲ ಎಂದರೆ ತಪ್ಪಾಗದು. ವ್ರತಸ್ಥ ಸ್ತ್ರೀಯರು ಮಠದ ಗೋಡೆಯೊಳಗೇ ಇರಬೇಕೆಂದು 1566ರಲ್ಲಿ ಪೋಪ್ ಐದನೇ ಪಯಸ್ ಕಟ್ಟಪ್ಪಣೆ ಮಾಡಿದ್ದರು. ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಸಂಸ್ಥೆಗಳು ಯುರೋಪಿನಲ್ಲಿ ಮೆಲ್ಲಮೆಲ್ಲನೆ ಬೆಳೆದವು. ಅವುಗಳ ಸದಸ್ಯೆಯರನ್ನು ಪೂರ್ಣ ಅರ್ಥದ ಧರ್ಮಭಗಿನಿಯರೆಂದು ರೋಮ್ ಒಪ್ಪಿದ್ದು 1900ರಲ್ಲಿ.

ಫ್ರಾನ್ಸಿನ ಆಂಜೇದಲ್ಲಿ ಹುಟ್ಟಿದ ಗುಡ್ ಶೆಫರ್ಡ್ ಭಗಿನಿಯರು 1854ರಲ್ಲಿ ಬೆಂಗಳೂರಿಗೆ ಬಂದರು. ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ ಅವರಿಂದ ಆರಂಭವಾಯಿತು.

ಕರಾವಳಿಯ ಕಥೆ ಇನ್ನೂ ವಿಸ್ತಾರವಾದದ್ದು. ಸೋಫಿ ಲೀವ್ಸ್ ಎಂಬ ಆಂಗ್ಲ ಮಹಿಳೆ 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿದವರು. ಕಥೋಲಿಕರಾಗಿ, ಭಗಿನಿಯಾಗಿ ಕಲ್ಲಿಕೋಟೆಯಲ್ಲಿ ಕೆಲಸ ಮಾಡಿದ ಅವರು, ಹೆಣ್ಣುಮಕ್ಕಳ ಶಿಕ್ಷಣಕ್ಕೆಂದೇ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಮದರ್ ವೆರೋನಿಕಾ ಎಂದು ಹೆಸರಾದರು. 1870ರ ನವೆಂಬರಿನಲ್ಲಿ ಅವರು ತರಬೇತಿ ಕೊಟ್ಟ ಭಗಿನಿಯರು ಮಂಗಳೂರು ತಲುಪಿದರು. ಜೊತೆಯಲ್ಲೇ ಫ್ರಾನ್ಸಿನ ಪೋ ಪಟ್ಟಣದಿಂದ ಹೊರಟ ಆವೃತ ಮಠದ ಕಾರ್ಮೆಲ್ ಸನ್ಯಾಸಿನಿಯರಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡರು. ಉಳಿದವರಲ್ಲಿ ಒಬ್ಬರು ಪ್ಯಾಲೆಸ್ತೀನಿನ ಮರಿಯಂ ಬವಾರ್ದಿ. 1871ರಲ್ಲಿ ಮಂಗಳೂರಿನಲ್ಲೇ ವ್ರತ ತೊಟ್ಟ ಈಕೆಯನ್ನು 2015ರಲ್ಲಿ ಸಂತಳೆಂದು ಘೋಷಿಸಲಾಯಿತು. ಬಯೋನ್‌ನ ಮಠ 1873ರಲ್ಲಿ ಮುಚ್ಚಿತು. ವೆರೋನಿಕಾ ತಾವೇ ಕಟ್ಟಿದ ಸಂಸ್ಥೆಯ ಮಂಗಳೂರಿನ ಮನೆಯಲ್ಲಿ ಬಾಳಲೇ ಇಲ್ಲ. 1906ರಲ್ಲಿ ಪೋದಲ್ಲಿ ನಿಧನರಾದರು. ಬೇರು ಕಿತ್ತುಹೋದರೂ ಸಂಸ್ಥೆ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಅದು ಮಂಗಳೂರಿನದ್ದಾಗಿತ್ತು. ಅದೇ ಸಂಸ್ಥೆಯ ಮದರ್ ಅಲೋಶಿಯಾ 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜನ್ನು ತೆರೆದರು. ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು ಅದು.

ಅದೇ 1921ರ ಜುಲೈ 16ರಂದು ನಡೆದ ಇನ್ನೊಂದು ಘಟನೆಗೆ ಈ ಇತಿಹಾಸದಲ್ಲಿ ಹೆಚ್ಚಿನ ಸ್ಥಾನ ಸಲ್ಲಬೇಕು. ಮಂಗಳೂರಿನ ಬೆಂದೂರು ಚರ್ಚಿನ ಪಾದ್ರಿ ಆರ್.ಎಫ್.ಸಿ. ಮಸ್ಕರೇನಸ್ (1875-1960) ಅವರು ನಾಲ್ವರು ಸ್ಥಳೀಯ ಶಿಕ್ಷಕಿಯರೊಂದಿಗೆ ಬೆಥನಿ ಸಂಸ್ಥೆಯನ್ನು ಆರಂಭಿಸಿದರು. ಮದರ್ ಮಾರ್ಥಾ ಅದರ ಮೊದಲ ಮೇಲಧಿಕಾರಿ. ಇಲ್ಲಿ ಹಡಗು ಹತ್ತಿ ಬಂದವರಿಲ್ಲ. ಊರಿನ ಭಾಷೆ, ಊರಿನ ಬಡತನ ಬಲ್ಲವರೇ ವ್ರತ ತೊಟ್ಟರು, ಹಳ್ಳಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟರು. ಇದಕ್ಕೂ ಮುಂಚೆ, 1887ರಲ್ಲಿ, ಜರ್ಮನ್ ಜೆಸ್ವಿಟ್ ಅರ್ಬನ್ ಸ್ಟೈನ್ ಮಂಗಳೂರಿನಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಸ್ಥೆಗೆ ಅಡಿಪಾಯ ಹಾಕಿದ್ದರು.

ವೈದ್ಯವೃತ್ತಿಯ ಬಾಗಿಲು ತಡವಾಗಿ ತೆರೆಯಿತು. ವ್ರತಸ್ಥೆಯರು ವೈದ್ಯಕೀಯ ನಡೆಸುವುದಕ್ಕೂ ಹೆರಿಗೆ ಮಾಡಿಸುವುದಕ್ಕೂ ಇದ್ದ ನಿರ್ಬಂಧವನ್ನು ರೋಮ್ ಸಡಿಲಿಸಿದ್ದು 1936ರಲ್ಲಿ. ಗಂಡು ವೈದ್ಯರ ಮುಂದೆ ನಿಲ್ಲಲಾರದ ಹೆಂಗಸರಿದ್ದ ನಾಡಿನಲ್ಲಿ ಈ ನಿರ್ಬಂಧಕ್ಕೆ ಬೆಲೆ ತೆತ್ತವರು ಬಾಣಂತಿಯರು. ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ ಅದಕ್ಕೂ ಮೊದಲೇ ಪೋಪರ ವಿಶೇಷ ಅನುಮತಿ ಪಡೆದು ಗುಂಟೂರಿನಲ್ಲಿ ಭಗಿನಿಯಾಗಿಯೇ ವೈದ್ಯೆಯಾಗಿ ದುಡಿದವರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟ ಕಟ್ಟಿದ ಅವರು 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬ ಅವರ ಹಂಬಲ 1963ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಿಂದ ಈಡೇರಿತು. ಭಗಿನಿಯರನ್ನು ವೈದ್ಯರನ್ನಾಗಿಸುವುದು ಅದರ ಮೂಲ ಉದ್ದೇಶಗಳಲ್ಲಿ ಒಂದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಾದಿ ಬೇರೆ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಧರ್ಮಸಭೆಯ ಆಡಳಿತದಲ್ಲಿ ಇದು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರದ ವ್ಯಾಪ್ತಿಗೆ ಸೇರುತ್ತದೆ. ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಅದರ ಮೊದಲ ಬಿಷಪ್. ಕರಾವಳಿಯಲ್ಲಿ ಭಗಿನಿಯರ ಹಿಂದೆ ದೊಡ್ಡ ಕ್ರೈಸ್ತ ಸಮುದಾಯವಿತ್ತು. ಇಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಹೀಗಾಗಿ ಈ ಸೀಮೆಗೆ ಬರುವ ಸಿಸ್ಟರ್ ಸೇವೆ ಸಲ್ಲಿಸುವುದು ಬಹುಪಾಲು ತನ್ನ ಧರ್ಮದವರಲ್ಲದ ಮಂದಿಗೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಂಸ್ಥೆಗಳಿಗೆ ತಮ್ಮ ಬಾಳುವೆಯನ್ನು ಕಾಲಕ್ಕೆ ತಕ್ಕಂತೆ ನವೀಕರಿಸಿಕೊಳ್ಳಲು ಹೇಳಿದ ಮೇಲೆ, ದೊಡ್ಡ ಕಾನ್ವೆಂಟುಗಳ ಜೊತೆಗೆ ಹಳ್ಳಿಯ ಸಣ್ಣ ಮನೆಗಳಲ್ಲಿ ಮೂರ‍್ನಾಲ್ಕು ಮಂದಿ ಕೂಡಿ ಇರುವ ಪದ್ಧತಿ ಭಾರತದಲ್ಲಿ ಬೆಳೆಯಿತು. ನಿಲುವಂಗಿಯ ಬದಲು ಸೀರೆ ಉಡುವವರೂ ಹೆಚ್ಚಿದರು.